ಸೈಲೆನ್ಸರಿನ ಅಣ್ಣ

ಪೆಟ್ರೋಲ್ ಕಾರಿನ ಹೊಟ್ಟೆಯಡಿ, ಎಂಜಿನ್ನಿನಿಂದ ಹೊರಟ ಹೊಗೆಕೊಳವೆ ಸೈಲೆನ್ಸರ್ ಮುಟ್ಟುವ ಮೊದಲು ಒಂದು ಕಡೆ ಉಬ್ಬಿರುತ್ತದೆ. ಆ ಉಬ್ಬಿನೊಳಗೆ ಇರುವುದು ಕ್ಯಾಟಲಿಟಿಕ್ ಕನ್ವರ್ಟರ್. ಶಹಾಪುರದ ಕಡೆಯ ಶಿರವಾಳದಂಥ ಊರಿನಲ್ಲಿ ಕಾರಿನ ಕೆಳಗೆ ತೂಗುವುದೆಲ್ಲ ಸೈಲೆನ್ಸರೇ. ವಂಶಾವಳಿ ಬಿಡಿಸಿ ನೋಡಿದರೆ ಇದು ಸೈಲೆನ್ಸರಿನ ಅಣ್ಣ. ತಮ್ಮ ಸದ್ದು ತಗ್ಗಿಸುತ್ತಾನೆ, ಅಣ್ಣ ವಿಷ ತಗ್ಗಿಸುತ್ತಾನೆ. ಸದ್ದು ಎಲ್ಲರಿಗೂ ಕೇಳುವುದರಿಂದ ಹೆಸರು ಬಂದಿರುವುದು ತಮ್ಮನಿಗೆ.

ಈ ಕನ್ವರ್ಟರ್ ಡಬ್ಬಿ ಕೆಟ್ಟಿದೆಯೇ ಎಂದು ಪರೀಕ್ಷಿಸುವ ಮೊದಲು ಡಬ್ಬಿ ಇದೆಯೇ ಎಂದು ನೋಡಬೇಕು. ಇದು ತಮಾಷೆಯಲ್ಲ. ಭಾರತದಲ್ಲಿ ಹೊಸ ಪೆಟ್ರೋಲ್ ಕಾರುಗಳಿಗೆ ಕನ್ವರ್ಟರ್ ಕಡ್ಡಾಯವಾದದ್ದು 1995ರಲ್ಲಿ, ಅದೂ ದೆಹಲಿ, ಮುಂಬೈ, ಕೋಲ್ಕತ್ತ, ಚೆನ್ನೈಗಳಲ್ಲಿ ಮಾತ್ರ. ಸೀಸವಿಲ್ಲದ ಪೆಟ್ರೋಲ್ ಇಡೀ ದೇಶಕ್ಕೆ ಬಂದದ್ದು 2000ದಲ್ಲಿ. ಸೀಸ ತಗುಲಿದರೆ ಕನ್ವರ್ಟರ್ ಕೆಲಸ ಬಿಡುತ್ತದೆ, ಹಾಗಾಗಿ ಆ ನಾಲ್ಕು ನಗರಗಳಲ್ಲಿ ಎರಡೂ ಜೊತೆಜೊತೆಯಾಗಿಯೇ ಬರಬೇಕಾಯಿತು. 1995ಕ್ಕೂ ಹಿಂದಿನ ಮಾರುತಿ 800 ಈ ಅಂಗವಿಲ್ಲದೆಯೇ ಹುಟ್ಟಿದೆ. ಆಮೇಲಿನವುಗಳಲ್ಲಿ ಅಂಗಸಮೇತ ಹುಟ್ಟಿದವೂ ಹೈದರಾಬಾದಿನಲ್ಲಿ ಒಬ್ಬರ ಕೈ, ಕಲಬುರಗಿಯಲ್ಲಿ ಇನ್ನೊಬ್ಬರ ಕೈ ದಾಟಿ ಭೀಮಾ–ಕೃಷ್ಣೆಯರ ನಡುವಿನ ಈ ಸೀಮೆಗೆ ಬರುವಷ್ಟರಲ್ಲಿ ಎಲ್ಲೋ ಒಂದು ಕಡೆ ಆಪರೇಷನ್ ಮುಗಿಸಿಕೊಂಡಿರುವುದುಂಟು. ಉಬ್ಬಿರಬೇಕಾದ ಜಾಗದಲ್ಲಿ ಸಪಾಟು ಪೈಪು, ಎರಡು ತುದಿಗೆ ಒರಟು ವೆಲ್ಡಿಂಗ್ ಕಂಡರೆ ಪರೀಕ್ಷೆ ಅಲ್ಲಿಗೆ ಮುಗಿಯಿತು. ಇಲ್ಲದ ಅಂಗಕ್ಕೆ ರೋಗ ಬರುವುದಿಲ್ಲ. ಆದರೂ ಅಂಥ ಕಾರಿನ ಸುತ್ತ ಕೂತು ‘ಕನ್ವರ್ಟರ್ ಜಾಮ್ ಆಗ್ಯಾದ’ ಎಂದು ಸಂಜೆಯವರೆಗೆ ವಾದಿಸುವುದು ಸಾಧ್ಯ.

ಡಬ್ಬಿಯೊಳಗೆ ಇರುವುದು ಒಂದು ಪಿಂಗಾಣಿ ಗಟ್ಟಿ. ಅದರ ಉದ್ದಕ್ಕೂ ಸಣ್ಣ ಸಣ್ಣ ಚೌಕ ರಂಧ್ರಗಳು, ಸಾಮಾನ್ಯವಾಗಿ ಒಂದು ಚದರ ಇಂಚಿಗೆ 400. ರಂಧ್ರದ ಗೋಡೆಗೆ ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂ ಎಂಬ ಲೋಹಗಳ ತೆಳುಲೇಪ. ಲೆಕ್ಕ ಕೆಲವೇ ಗ್ರಾಂ. ಬಿಸಿಹೊಗೆ ಈ ಗೋಡೆಗೆ ಉಜ್ಜಿಕೊಂಡು ಹೋಗುವಾಗ ಇಂಗಾಲದ ಮಾನಾಕ್ಸೈಡ್ ಡೈಆಕ್ಸೈಡ್ ಆಗುತ್ತದೆ, ಅರೆಬೆಂದ ಪೆಟ್ರೋಲ್ ಪೂರ್ತಿ ಬೇಯುತ್ತದೆ, ಸಾರಜನಕದ ಆಕ್ಸೈಡುಗಳು ಒಡೆದು ಮತ್ತೆ ಸಾರಜನಕವಾಗುತ್ತವೆ. ಲೋಹ ಮಾತ್ರ ಖರ್ಚಾಗುವುದಿಲ್ಲ. ಇಷ್ಟೆಲ್ಲ ಶುರುವಾಗಬೇಕಾದರೆ ಡಬ್ಬಿ ಸುಮಾರು 250ರಿಂದ 300 ಡಿಗ್ರಿ ಸೆಲ್ಸಿಯಸ್ ಕಾಯಬೇಕು. ಮನೆಯಿಂದ ಹೊಲಕ್ಕೆ, ಹೊಲದಿಂದ ಚಹಾದಂಗಡಿಗೆ ಓಡಾಡುವ ಕಾರಿನಲ್ಲಿ ಅದು ಕಾಯುವ ಹೊತ್ತಿಗೆ ಕಾರು ನಿಂತಿರುತ್ತದೆ.

ಕನ್ವರ್ಟರ್ ಕೆಡುವುದು ಮುಖ್ಯವಾಗಿ ಮೂರು ಬಗೆ. ಲೇಪಕ್ಕೆ ವಿಷವೇರಿ ನಿಷ್ಕ್ರಿಯವಾಗುವುದು ಒಂದು. ಇದರಲ್ಲಿ ಕಾರು ಎಂದಿನಂತೆಯೇ ಓಡುತ್ತದೆ, ಹೊಗೆ ಮಾತ್ರ ಕೆಟ್ಟದಾಗುತ್ತದೆ, ಆದ್ದರಿಂದ ಮಾಲೀಕನಿಗೆ ಚಿಂತೆಯಿಲ್ಲ. ಪಿಂಗಾಣಿ ಒಡೆದು ಚೂರಾಗುವುದು ಇನ್ನೊಂದು. ಪಿಂಗಾಣಿ ಕರಗಿ ರಂಧ್ರಗಳು ಮುಚ್ಚಿಹೋಗುವುದು ಮೂರನೆಯದು, ಊರಿಗೆಲ್ಲ ಗೊತ್ತಾಗುವುದೂ ಇದೇ. ಹೊಗೆ ಹೊರಗೆ ಹೋಗದಿದ್ದರೆ ಹೊಸಗಾಳಿ ಒಳಗೆ ಬರಲಾರದು. ಎಂಜಿನ್ ಸಲೀಸಾಗಿ ಸ್ಟಾರ್ಟ್ ಆಗುತ್ತದೆ, ನಿಂತಲ್ಲಿ ಗುರುಗುಡುತ್ತದೆ, ಆಕ್ಸಿಲರೇಟರ್ ತುಳಿದರೆ ಮಾತ್ರ ಏದುಸಿರು. ಶಹಾಪುರದ ಹತ್ತಿರ ಬುದ್ಧ ಮಲಗಿದಂತೆ ಕಾಣುವ ಬೆಟ್ಟದ ಸಾಲಿಗೆ ಎದುರಾದಾಗ ಕಾರೂ ಮಲಗಲು ನೋಡಿದರೆ ಅದು ಭಕ್ತಿಯಲ್ಲ, ಕಟ್ಟಿಕೊಂಡ ಹೊಗೆ. ಜೊತೆಗೆ ಕಾಲಡಿಯ ನೆಲ ಸುಡುವುದು, ಆವರೇಜ್ ಬೀಳುವುದು, ಒಮ್ಮೊಮ್ಮೆ ಕೊಳೆತ ಮೊಟ್ಟೆಯ ವಾಸನೆ. ವಾಸನೆಯ ವಿಷಯದಲ್ಲಿ ಮೊದಲು ಹಿಂದಿನ ಸೀಟಿನವರನ್ನು ಅನುಮಾನಿಸುವುದು ವಾಡಿಕೆ. ಅದು ಹೈಡ್ರೋಜನ್ ಸಲ್ಫೈಡ್, ಪೆಟ್ರೋಲಿನಲ್ಲಿರುವ ಗಂಧಕದ ಮಗ.

ಇನ್ನು ಪರೀಕ್ಷೆ. ಶುರುಮಾಡುವಾಗ ಕಾರು ಪೂರ್ತಿ ತಣ್ಣಗಿರಬೇಕು. ಹಿಂದಿನ ರಾತ್ರಿ ನಿಲ್ಲಿಸಿದ್ದಾದರೆ ಒಳ್ಳೆಯದು. ಎರೆಮಣ್ಣಿನ ಮೇಲೆ ಜಾಕ್ ಕೊಟ್ಟರೆ ಏರುವುದು ಕಾರಲ್ಲ, ಇಳಿಯುವುದು ಜಾಕು. ಅಂಗಳಕ್ಕೆ ಶಹಾಬಾದ್ ಪರಸಿ ಹಾಸಿದ್ದರೂ ಜಾಕಿನ ಕೆಳಗೆ ದಪ್ಪ ಹಲಗೆ ಇಡಬೇಕು, ಇಲ್ಲವಾದರೆ ಪರಸಿ ಬಿರಿಯುತ್ತದೆ. ಆಧಾರಕ್ಕೆ ಕಬ್ಬಿಣದ ಸ್ಟ್ಯಾಂಡೇ ಬೇಕು. ಇಟ್ಟಿಗೆ, ಒರಳುಕಲ್ಲು, ಪಕ್ಕದ ಮನೆಯ ಹುಡುಗ, ಇವು ಯಾವುವೂ ಸ್ಟ್ಯಾಂಡ್ ಅಲ್ಲ. ಬಾಗಿಲು ಮುಚ್ಚಿದ ಶೆಡ್ಡಿನಲ್ಲಿ ಎಂಜಿನ್ ಓಡಿಸುವುದಂತೂ ಜೀವಕ್ಕೇ ಸಂಚಕಾರ, ಏಕೆಂದರೆ ಮಾನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ.

ಮೊದಲು ರಬ್ಬರ್ ಸುತ್ತಿಗೆಯಿಂದ ಡಬ್ಬಿಯನ್ನು ಮೆಲ್ಲಗೆ ತಟ್ಟಬೇಕು. ಒಳಗೆ ಗಿಲಿಗಿಲಿ ಎಂದರೆ ಪಿಂಗಾಣಿ ಒಡೆದಿದೆ. ಹೊರಗಿನ ತಗಡಿನ ಕವಚ ಸಡಿಲಾಗಿದ್ದರೂ ಇದೇ ಸದ್ದು ಬರುವುದರಿಂದ ಕವಚವನ್ನು ಕೈಯಲ್ಲಿ ಒತ್ತಿಹಿಡಿದು ಇನ್ನೊಮ್ಮೆ ತಟ್ಟಬೇಕು. ಡಬ್ಬಿ ನೀಲಿಗಟ್ಟಿದೆಯೇ, ತಳ ಜಜ್ಜಿದೆಯೇ ಎಂಬುದನ್ನೂ ಆಗಲೇ ನೋಡಿಕೊಳ್ಳಬಹುದು. ಊರೂರಿನ ಹಂಪುಗಳು ತಳವನ್ನು ಕೆರೆದು ಸಹಿ ಹಾಕಿರುತ್ತವೆ.

ಎರಡನೆಯದು ಉಸಿರಿನ ಪರೀಕ್ಷೆ, ಪ್ರೇಕ್ಷಕರು ಹೆಚ್ಚು ಸೇರುವುದು ಇದಕ್ಕೆ. ಒಬ್ಬರು ಆಕ್ಸಿಲರೇಟರ್ ತುಳಿಯಬೇಕು, ಇನ್ನೊಬ್ಬರು ಹಿಂದೆ ಕೊಳವೆಯ ಬಾಯಿಂದ ಒಂದು ಗೇಣು ದೂರ ಕೈ ಹಿಡಿಯಬೇಕು. ಎಂಜಿನ್ ಜೋರಾದಂತೆ ಗಾಳಿಯೂ ಜೋರಾಗಿ ಪುಟಪುಟನೆ ತಾಗಿದರೆ ದಾರಿ ಸಲೀಸು. ಎಷ್ಟು ತುಳಿದರೂ ಹಿಂದಿನ ಗಾಳಿ ಅಷ್ಟಕ್ಕಷ್ಟೇ ಆಗಿ ಸುಯ್ಯೆಂದರೆ ಎಲ್ಲೋ ಕಟ್ಟಿಕೊಂಡಿದೆ. ಕಟ್ಟೆಯ ಮೇಲಿನ ಕಾಕಾಗಳು ಒಬ್ಬೊಬ್ಬರಾಗಿ ಬಂದು ಕೈ ಹಿಡಿದು ನೋಡುತ್ತಾರೆ. ‘ದಮ್ಮಿಲ್ಲ ತಮ್ಮಾ ಇದಕ್ಕ’ ಎಂದು ಒಬ್ಬರು, ‘ಹೇ, ಛಲೋ ಐತಿ ಬಿಡು’ ಎಂದು ಇನ್ನೊಬ್ಬರು. ಈ ಪರೀಕ್ಷೆಗೆ ಅಳತೆಯ ಮಾಪಕವಿಲ್ಲ, ಆದ್ದರಿಂದ ಬಹುಮತದ ಮೇಲೆ ನಿಲ್ಲಬಾರದು.

ಮಾಪಕ ಬೇಕೆಂದವರಿಗೆ ವ್ಯಾಕ್ಯೂಮ್ ಗೇಜ್ ಉಂಟು. ಅದನ್ನು ಇಂಟೇಕ್ ಮ್ಯಾನಿಫೋಲ್ಡಿನ ಸಣ್ಣ ನಳಿಕೆಗೆ ಸಿಕ್ಕಿಸಿದರೆ ಆರೋಗ್ಯವಂತ ಎಂಜಿನ್ ನಿಂತಲ್ಲಿ 17ರಿಂದ 21 ಇಂಚು ಪಾದರಸ ತೋರಿಸುತ್ತದೆ. ಎಂಜಿನ್ನನ್ನು ನಿಮಿಷಕ್ಕೆ 2500 ಸುತ್ತಿನಲ್ಲಿ ಹಿಡಿದಿಟ್ಟಾಗ ಮುಳ್ಳು ಒಮ್ಮೆ ಬಿದ್ದು ಮತ್ತೆ ಏರಿ ನಿಲ್ಲಬೇಕು. ಬರಬರುತ್ತಾ ಕೆಳಗೇ ಇಳಿದರೆ ಕೊಳವೆ ಕಟ್ಟಿದೆ. ಇದಕ್ಕಿಂತ ಖಡಕ್ಕಾದ ಇನ್ನೊಂದು ಉಪಾಯವೆಂದರೆ ಕನ್ವರ್ಟರಿಗೂ ಮುಂದೆ ಎಂಜಿನ್ ಕಡೆಗಿರುವ ಆಕ್ಸಿಜನ್ ಸೆನ್ಸರನ್ನು 22 ಮಿ.ಮೀ. ಸ್ಪ್ಯಾನರಿನಿಂದ ಬಿಚ್ಚಿ, ಆ ತೂತು ತೆರೆದಿಟ್ಟು ಎಂಜಿನ್ ಎಬ್ಬಿಸುವುದು. ಸತ್ತಂತಿದ್ದ ಕಾರಿಗೆ ಒಮ್ಮೆಲೇ ಜೀವ ಬಂದರೆ ಅನುಮಾನಕ್ಕೆ ಜಾಗವಿಲ್ಲ. ಸದ್ದಿಗೆ ಎಮ್ಮೆ ಹಗ್ಗ ಹರಿದುಕೊಳ್ಳುವ ಸಂಭವವಿರುವುದರಿಂದ ಮೊದಲೇ ದನ ಹೊರಗೆ ಕಟ್ಟುವುದು ಕ್ಷೇಮ.

ಶಾಖದ ಪರೀಕ್ಷೆಗೆ ಇನ್‌ಫ್ರಾರೆಡ್ ಥರ್ಮಾಮೀಟರ್ ಬೇಕು. ಚೆನ್ನಾಗಿ ಕಾದ ಕನ್ವರ್ಟರಿನ ಹಿಂಬದಿ ಮುಂಬದಿಗಿಂತ ತುಸು ಬಿಸಿಯಿದ್ದರೆ ಒಳಗೆ ಕೆಲಸ ನಡೆದಿದೆ. ಮುಂಬದಿ ಕೆಂಡವಾಗಿ ಹಿಂಬದಿ ಸಪ್ಪೆಯಾಗಿದ್ದರೆ ಮುಚ್ಚಿದೆ. ಕೊರೊನಾ ಕಾಲದಲ್ಲಿ ಹಣೆಗೆ ಹಿಡಿಯುತ್ತಿದ್ದ ಪಿಸ್ತೂಲು ಇದಕ್ಕೆ ಒದಗದು. ಮನುಷ್ಯನ ಜ್ವರದ ಆಚೆಗೆ ಅದಕ್ಕೆ ಲೆಕ್ಕ ಬರುವುದಿಲ್ಲ.

ಎಂಜಿನ್ನಿನ ದೋಷ ಓದಿಸುವ ಓಬಿಡಿ ಸಾಕೆಟ್ ಇರುವ, ಕನ್ವರ್ಟರಿನ ಹಿಂದೊಂದು ಮುಂದೊಂದು ಆಕ್ಸಿಜನ್ ಸೆನ್ಸರ್ ಇರುವ ಕಾರಾದರೆ ಸ್ಕ್ಯಾನರ್ ಸಿಕ್ಕಿಸಿ ನೋಡಬಹುದು. ಭಾರತದಲ್ಲಿ ಇಂಥವು ಹೆಚ್ಚಾದದ್ದು 2013ರಿಂದೀಚೆ. ಮುಂದಿನ ಸೆನ್ಸರಿನ ವೋಲ್ಟೇಜು 0.1ರಿಂದ 0.9ರ ನಡುವೆ ಕುಣಿಯುತ್ತಿರಬೇಕು, ಹಿಂದಿನದು ಒಂದೆಡೆ ನೆಮ್ಮದಿಯಾಗಿರಬೇಕು. ಹಿಂದಿನದೂ ಅದೇ ತಾಳಕ್ಕೆ ಕುಣಿಯತೊಡಗಿದರೆ ನಡುವಿನ ಡಬ್ಬಿ ಕೆಲಸ ಬಿಟ್ಟಿದೆ. ಆಗ ಬರುವ ಕೋಡು ಪಿ0420. ಕೊಳವೆಯಲ್ಲಿ ಸೀಳುಬಿಟ್ಟು ಹೊರಗಿನ ಗಾಳಿ ನುಗ್ಗಿದರೂ ಇದೇ ಕೋಡು ಬರಬಹುದು. ಕೋಡು ಕಂಡ ಕೂಡಲೇ ಡಬ್ಬಿಗೆ ಆರ್ಡರ್ ಕೊಡುವವರಿಂದಲೇ ಬಿಡಿಭಾಗದ ಅಂಗಡಿಗಳ ಸಂಸಾರ ಸಾಗುವುದು.

ಕನ್ವರ್ಟರ್ ತಾನಾಗಿ ಸಾಯುವುದು ಅಪರೂಪ, ಬಹುಪಾಲು ಕೊಲೆಯೇ. ಆದ್ದರಿಂದ ರೋಗ ಗೊತ್ತಾದ ಮೇಲೆ ಕೊಲೆಗಾರನನ್ನು ಹುಡುಕಬೇಕು, ಅವನು ಸಾಮಾನ್ಯವಾಗಿ ಬಾನೆಟ್ಟಿನ ಕೆಳಗೇ ಇರುತ್ತಾನೆ. ಸ್ಪಾರ್ಕ್ ಪ್ಲಗ್ ಅಥವಾ ಇಗ್ನಿಷನ್ ಕಾಯಿಲ್ ಕೈಕೊಟ್ಟರೆ ಉರಿಯದ ಪೆಟ್ರೋಲ್ ನೇರ ಡಬ್ಬಿಗೆ ಬಂದು ಅಲ್ಲಿ ಉರಿದು ಪಿಂಗಾಣಿಯನ್ನು ಕರಗಿಸುತ್ತದೆ. ಪಿಸ್ಟನ್ ರಿಂಗ್ ಸವೆದು ಎಂಜಿನ್ ಆಯಿಲ್ ಸುಟ್ಟರೆ ಅದರ ರಂಜಕ ಲೇಪದ ಮೇಲೆ ಕೂರುತ್ತದೆ. ಕಲಬೆರಕೆ ಪೆಟ್ರೋಲಿನದೂ ಇದರಲ್ಲಿ ಪಾಲಿದೆ. ಕಾದ ಡಬ್ಬಿ ಮಳೆಗಾಲದಲ್ಲಿ ಹಳ್ಳದ ನೀರಿಗೆ ಇಳಿದರೆ ಪಿಂಗಾಣಿ ಸಿಡಿಯಬಹುದು.

ಈ ಭಾಗದಲ್ಲಿ ಇನ್ನೂ ಒಂದು ಸಂಗತಿಗೆ ಎಚ್ಚರ ಬೇಕು. ಸುಗ್ಗಿಯಲ್ಲಿ ಡಾಂಬರು ರಸ್ತೆಯೇ ಕಣವಾಗುತ್ತದೆ. ಹೋಗಿಬರುವ ಗಾಡಿಗಳಿಂದ ರಾಶಿ ತುಳಿಸಿಕೊಳ್ಳುವ ಏರ್ಪಾಡು. ಒಣಗಿದ ಹೊಟ್ಟು, ಕಡ್ಡಿ ಕಾರಿನಡಿ ಸುತ್ತಿಕೊಂಡು ಕಾದ ಡಬ್ಬಿಗೆ ತಾಗಿದರೆ ಬೆಂಕಿ ಹತ್ತುತ್ತದೆ. ರಂಧ್ರ ಮುಚ್ಚಿ ಕೆಂಪಗೆ ಕಾದ ಡಬ್ಬಿಯಾದರೆ ಕೇಳುವುದೇ ಬೇಡ. ಬಣವೆಯ ಪಕ್ಕ ಕಾರು ನಿಲ್ಲಿಸುವುದಕ್ಕೂ ಇದೇ ಮಾತು.

ಉಪಚಾರದ ವಿಷಯದಲ್ಲಿ ಸಲಹೆಗಳಿಗೆ ಬರವಿಲ್ಲ. ಟ್ಯಾಂಕಿಗೆ ಥಿನ್ನರ್ ಸುರಿಯಿರಿ ಎನ್ನುವರು, ಡಬ್ಬಿ ಬಿಚ್ಚಿ ಸೋಪಿನ ನೀರಲ್ಲಿ ನೆನೆಹಾಕಿರಿ ಎನ್ನುವರು. ಕರಗಿದ ಪಿಂಗಾಣಿಗೆ ಸೋಪು ಏನೂ ಮಾಡದು. ‘ಒಳಗಿಂದು ಕುಟ್ಟಿ ತೆಗದುಬಿಡ್ತೀನ್ರಿ, ಗಾಡಿ ಹಕ್ಕಿ ಆಗ್ತದ’ ಎನ್ನುವ ಮೆಕ್ಯಾನಿಕ್ಕೂ ಸಿಗುತ್ತಾನೆ. ಹಾಗೆ ತೆಗೆದ ಚೂರುಗಳನ್ನು ‘ಇದೇನು ಉಪಯೋಗಿಲ್ಲ ಬಿಡ್ರಿ’ ಎಂದು ಜೋಪಾನವಾಗಿ ಚೀಲಕ್ಕೆ ತುಂಬಿಕೊಳ್ಳುವುದನ್ನು ಗಮನಿಸಬೇಕು. ರೋಡಿಯಂ ಲೋಹ 2021ರಲ್ಲಿ ಚಿನ್ನದ ಹತ್ತು ಪಟ್ಟಿಗೂ ಮೀರಿದ ಬೆಲೆ ಕಂಡಿತ್ತು. ಗುಜರಿಯವರಿಗೆ ಇದು ಚೆನ್ನಾಗಿ ಗೊತ್ತು.

ಸರಿಯಾದ ಉಪಾಯವೆಂದರೆ ಕೊಲೆಗಾರನನ್ನು ಮೊದಲು ರಿಪೇರಿ ಮಾಡಿ, ಆಮೇಲೆ ಅದೇ ಮಾಡೆಲ್ಲಿಗೆ ಹೊಂದುವ ಹೊಸ ಡಬ್ಬಿ ಹಾಕಿಸುವುದು. ಕವಚದ ಮೇಲೆ ಬಾಣದ ಗುರುತಿದ್ದರೆ ಅದು ಹೊಗೆ ಹರಿಯುವ ದಿಕ್ಕು, ಅಂದರೆ ಕಾರಿನ ಹಿಂದಕ್ಕೆ. ಎರಡೂ ಕಡೆ ಹೊಸ ಗ್ಯಾಸ್ಕೆಟ್ ಹಾಕಬೇಕು. ಎಂಜಿನ್ ಚೆನ್ನಾಗಿ ಕಾಯುವವರೆಗೆ ಓಡಿಸಿ, ಅದೇ ಬಿಸಿಯಲ್ಲಿ ಹೊಗೆ ತಪಾಸಣೆಯ ಕೇಂದ್ರಕ್ಕೆ ಒಯ್ಯಬೇಕು. ಹೊಗೆಯ ಮಾನದಂಡದಲ್ಲಿ ಬಿಎಸ್ 2, ಬಿಎಸ್ 3ರ ಪೆಟ್ರೋಲ್ ಕಾರಿಗೆ ಮಾನಾಕ್ಸೈಡಿನ ಮಿತಿ ಶೇ 0.5, ಬಿಎಸ್ 4ಕ್ಕೆ ಶೇ 0.3. ನಳಿಕೆಯನ್ನು ನಿಜವಾಗಿಯೂ ಸೈಲೆನ್ಸರಿನ ಬಾಯಿಗೆ ತೂರಿಸಿ, ಅಂಕಿ ಬರುವವರೆಗೆ ನಿಂತು ನೋಡಬೇಕು. ನಂಬರ್ ಪ್ಲೇಟಿನ ಫೋಟೊ ತೆಗೆದು ಚೀಟಿ ಕೊಟ್ಟರೆ ಅದು ಪ್ಲೇಟಿನ ತಪಾಸಣೆ.