ಕಿರಿಯದರ ಲಗೇಜು

ಆಷಾಢ ಕಳೆದು, ಸಿಇಟಿ ಸೀಟು ಸಿಕ್ಕಿ, ಮನೆಯ ಕಿರಿಯದು ಹಾಸ್ಟೆಲ್ಲಿಗೆ ಹೊರಟಾಗ ಕಟ್ಟುವ ಲಗೇಜು ಅದರದ್ದಲ್ಲ, ಅಪ್ಪ-ಅಮ್ಮನದ್ದು ಎಂಬುದು ನನ್ನ ವಾದ. ಹಿರಿಯದನ್ನು ಒಂದು ಸೂಟ್‌ಕೇಸು, ಒಂದು ಬಾಟಲಿ ಉಪ್ಪಿನಕಾಯಿ ಕೊಟ್ಟು ಸಾಗಹಾಕಿರುತ್ತಾರೆ. ಕಿರಿಯದಕ್ಕೆ ಚಟ್ನಿಪುಡಿಯೇ ಮೂರು ಬಗೆ; ಕೊಬ್ಬರಿ ಎಣ್ಣೆಯ ಮುಚ್ಚಳಕ್ಕೆ ಪ್ಲಾಸ್ಟಿಕ್ ಸುತ್ತಿ, ಮೇಲೆ ರಬ್ಬರ್ ಬ್ಯಾಂಡು ಬೇರೆ. ಸಾರಿಗೆ ಬಸ್ಸಿನವರು ತಲೆಗೆ 30 ಕಿಲೋ ಪುಕ್ಕಟೆ ಬಿಟ್ಟದ್ದೇ ತಪ್ಪಾಯಿತು! ‘ಹಾಸ್ಟೆಲ್ ಊಟ ಸೇರಬೇಕಲ್ಲ’ ಎನ್ನುತ್ತೀರಿ. ಒಪ್ಪಿದೆ. ಆದರೆ ಬೆಂಗಳೂರಿನಲ್ಲಿ ಬಕೆಟ್ಟೂ ಸಿಗುವುದಿಲ್ಲವೇ? ನಾಲ್ವರಿಗೆ ಪುಡಿ ಕುಟ್ಟಿ ರೂಢಿಯಾದ ಕೈ ಇಬ್ಬರ ಅಳತೆಗೆ ಇಳಿಯಲೊಲ್ಲದು. ಹೆಚ್ಚಾದದ್ದೆಲ್ಲ ಚೀಲ ಸೇರುತ್ತದೆ, ಅಷ್ಟೇ. ಹೊರಟ ಮಗುವಂತೂ ಚಾರ್ಜರ್ ಬಿಟ್ಟು ಬೇರೇನನ್ನೂ ಕೇಳಿರುವುದಿಲ್ಲ. ಅದನ್ನೇ ಮರೆತು ಹೋಗುತ್ತದೆ.