ಸ್ವಾವಲಂಬನ ಸಮಾರಂಭ

ಬಾಲಮಂದಿರದ ಅಂಗಳದಲ್ಲಿ, 18 ತುಂಬಿ ಅಲ್ಲಿಂದ ಹೊರಡಲಿದ್ದ ಹುಡುಗನ ಕೊರಳಿಗೆ ಹಾರವನ್ನಿಕ್ಕಿ, ಭಾವಚಿತ್ರವು ಸರಿಯಾಗಿ ಬಾರದುದರಿಂದ ಅದೇ ಹಾರವನ್ನು ತೆಗೆದು ಮತ್ತೊಮ್ಮೆ ಇಕ್ಕಿದ ಅಧ್ಯಕ್ಷ ಮಹಾಶಯರು, ಪ್ರಸನ್ನವದನರಾಗಿ ಪ್ರಶ್ನಿಸಿದರು:

“ಹೊಲಿಗೆಯ ತರಬೇತಿ ಮುಗಿಯಿತೇನಪ್ಪಾ?”

“ಮುಗೀತು ಸಾರ್. ಯಂತ್ರದ ಚಿತ್ರ ಬರೆದು ಭಾಗಗಳನ್ನು ಗುರುತಿಸ್ತೀನಿ.”

“ಹೊಲಿದೆಯಾ?”

“ಸೂಜಿಗೆ ಟೆಂಡರ್ ಕರೆದಿದ್ದಾರಂತೆ ಸಾರ್.”

“ಸಂತೋಷ! ಈ ರಾತ್ರಿ ತಂಗುವುದೆಲ್ಲಿ?”

“ತಾವೇ ಹೇಳಬೇಕು.”

“ಛೆ! ಸ್ವಾವಲಂಬನೆಯನ್ನು ಕುರಿತು ಮುಕ್ಕಾಲು ಗಂಟೆ ಮಾತಾಡಿದೆನಲ್ಲವೆ?” (ಮಾತಾಡಿದ್ದು ನಿಜ, ನಾವೆಲ್ಲ ಸಾಕ್ಷಿ.)

“ಬಾಡಿಗೆ ಕೊಡೋರು ಜಾಮೀನಿಗೆ ಹಿರಿಯರ ಹೆಸರು ಕೇಳ್ತಾರೆ ಸಾರ್.”

“ಹೇಳು, ನನ್ನದೊಂದನ್ನು ಬಿಟ್ಟು.”

2015ರ ಬಾಲನ್ಯಾಯ ಕಾಯ್ದೆಯು, ಇಂತಹವರಿಗೆ 21 ತುಂಬುವವರೆಗೂ, ಆರ್ಥಿಕವೂ ಇತರವೂ ಆದ ನೆರವಿನ ಅನುಪಾಲನೆಗೆ ಅವಕಾಶವಿತ್ತಿದೆ. ಆ ದೀರ್ಘ ಭಾಷಣದಲ್ಲಿ ಅದರ ಪ್ರಸ್ತಾಪವೇ ಬರಲಿಲ್ಲ.