ವಾಯು–ಆಸನ ಮೀಮಾಂಸೆ: ಕ್ರೂಸರ್ ಬೈಕಿನ ಸುಖಸಂಬಂಧಿ ಮಾರ್ಪಾಡುಗಳ ಒಂದು ತಾತ್ವಿಕ ಅಧ್ಯಯನ

ಪ್ರಸ್ತುತ ಸಂಪ್ರಬಂಧದ ವ್ಯಾಪ್ತಿ ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳಿಂದ ಚಿತ್ರದುರ್ಗದ ಗಾಳಿಯಂತ್ರಗಳವರೆಗೆ. ಮಿತಿ, ಸಂಶೋಧಕನ ಸೊಂಟ. ಆಕರವಾಗಿ 2020ರ ನವೆಂಬರಿನಲ್ಲಿ ಮಾರುಕಟ್ಟೆಗೆ ಬಂದ ರಾಯಲ್ ಎನ್‌ಫೀಲ್ಡ್ ಮೀಟಿಯರ್ 350 ಅನ್ನು ಆರಿಸಿಕೊಳ್ಳಲಾಗಿದೆ. ಹೊರಬಂದಾಗ ಈ ಕೃತಿಗೆ ಮೂರು ಪಾಠಗಳಿದ್ದವು: ಫೈರ್‌ಬಾಲ್, ಸ್ಟೆಲ್ಲರ್, ಸೂಪರ್‌ನೋವಾ. ಮೊದಲನೆಯದರಲ್ಲಿ ಬೆನ್ನಿಗೂ ಆಸರೆಯಿಲ್ಲ, ಎದೆಗೂ ಇಲ್ಲ. ಎರಡನೆಯದರಲ್ಲಿ ಹಿಂದೆ ಕೂರುವವರಿಗೊಂದು ಒರಗು ಸೇರಿದೆ. ಮೂರನೆಯದರಲ್ಲಿ ಗಾಳಿತಡೆಯೂ ಬಂದಿದೆ. ಒರಗು, ಗಾಳಿತಡೆ ಎರಡೂ ಪ್ರಕ್ಷೇಪಗಳು, ಮೂಲಕರ್ತೃವಿನ ಆಶಯ ಫೈರ್‌ಬಾಲೇ ಎಂಬ ವಾದವೊಂದುಂಟು. ಅದನ್ನು ಮಂಡಿಸುವವರು ಬಹುಮಟ್ಟಿಗೆ ಫೈರ್‌ಬಾಲ್ ಕೊಂಡವರು.

ಸಮಸ್ಯೆಯ ಬೇರು ಭಂಗಿಯಲ್ಲಿದೆ. ಕ್ರೂಸರಿನ ಮೇಲೆ ಕೂತವನು ಎಷ್ಟು ಹಾಯಾಗಿದ್ದಾನೆಂದು ನೋಡುವವರಿಗೆ ಅನ್ನಿಸಬೇಕು. ಅದು ಈ ಪ್ರಕಾರದ ಪ್ರಧಾನ ರಸ. ಕಾಲು ಮುಂದೆ ಚಾಚಿರುವುದರಿಂದ ಪಾದ ಹೊರಬೇಕಾದ ಭಾರವೆಲ್ಲ ಬಾಲಮೂಳೆಯ ಪಾಲಿಗೆ ಬೀಳುತ್ತದೆ. ಹಂಪು ಬಂದಾಗ ಸಾಮಾನ್ಯ ಬೈಕಿನವನು ಫುಟ್‌ರೆಸ್ಟಿನ ಮೇಲೆ ಅರ್ಧ ಎದ್ದು ದಾಟುತ್ತಾನೆ. ಕ್ರೂಸರಿಗ ಏಳಲಾರ, ಗಾಂಭೀರ್ಯದಿಂದ ಪೆಟ್ಟು ತಿನ್ನುತ್ತಾನೆ. ನಮ್ಮ ಊರುಗಳ ಬಾಗಿಲಲ್ಲಿ ಬಣ್ಣ ಬಳಿದ ಹಂಪುಗಳಿಗಿಂತ ಬಳಿಯದ ಹಂಪುಗಳೇ ಸಂಶೋಧನೆಗೆ ಹೆಚ್ಚು ಸಾಮಗ್ರಿ ಒದಗಿಸಿವೆ.

ಹೀಗಾಗಿ ಮೊದಲ ಮಾರ್ಪಾಡು ಆಸನದ್ದು. ಮೃದುವಾದಿಗಳು ಅಂಗಡಿಯಲ್ಲಿ ಹೆಬ್ಬೆರಳು ಒತ್ತಿ ಫೋಮನ್ನು ಪರೀಕ್ಷಿಸುತ್ತಾರೆ. ಹೆಬ್ಬೆರಳು ಆಸನದ ಮೇಲೆ ಮುನ್ನೂರು ಕಿಲೋಮೀಟರ್ ಕೂರುವುದಿಲ್ಲವೆಂಬುದು ಗಟ್ಟಿವಾದಿಗಳ ಆಕ್ಷೇಪ. ಆಕ್ಷೇಪ ಸರಿಯಾಗಿದೆ: ಮೆತ್ತನೆಯ ಫೋಮು ತುಮಕೂರಿನ ತನಕ ಸ್ವರ್ಗ, ಶಿರಾ ಹೊತ್ತಿಗೆ ಅಪ್ಪಚ್ಚಿಯಾಗಿ ಕೆಳಗಿನ ತಟ್ಟೆಯ ಪರಿಚಯ ಮಾಡಿಸುತ್ತದೆ. ಗಾಳಿಗೂಡಿನ ದಿಂಬು ಇವೆರಡಕ್ಕೂ ಸಮನ್ವಯವೆಂದು ಬಂತು. ಮೂಳೆಗೂ ತಳಕ್ಕೂ ನಡುವೆ ಒಂದು ಬೆರಳಿನಷ್ಟು ಗಾಳಿ ಉಳಿದರೆ ಸಾಕು. ಆದರೆ ಕೊಟ್ಟ ಕಾಸಿಗೆ ಪೂರ್ತಿ ಊದದೆ ಬಿಡುವ ಮನುಷ್ಯ ಈ ಅಧ್ಯಯನಕ್ಕೆ ಇನ್ನೂ ಸಿಕ್ಕಿಲ್ಲ.

ದಿಂಬು ಸವಾರನನ್ನು ಒಂದಂಗುಲ ಎತ್ತರಿಸುತ್ತದೆ. ತಲೆ ಗಾಳಿತಡೆಯ ಅಂಚಿಗಿಂತ ಮೇಲಕ್ಕೆ ಹೋಗುತ್ತದೆ. ಅಂಚಿನಿಂದ ಸುಳಿಯಾಗಿ ಬರುವ ಗಾಳಿ ಹೆಲ್ಮೆಟ್ಟನ್ನು ಹಿಡಿದು ಅಲ್ಲಾಡಿಸತೊಡಗುತ್ತದೆ. ಸೊಂಟದ ಸಮಸ್ಯೆ ಇಲ್ಲಿ ಕುತ್ತಿಗೆಗೆ ವರ್ಗವಾಯಿತೆಂದು ಗ್ರಹಿಸತಕ್ಕದ್ದು.

ಗಾಳಿಯ ವಿಷಯದಲ್ಲಿ ಮೂರು ದರ್ಶನಗಳಿವೆ. ಸವಾರನೂ ಗಾಳಿಯೂ ಒಂದೇ, ನಡುವಿನ ಗಾಜು ಮಾಯೆ ಎಂಬುದು ಅದ್ವೈತ. ಗಂಟೆಗೆ 60 ಕಿ.ಮೀ. ತನಕ ಇದು ಅನುಭವಕ್ಕೂ ನಿಲುಕುತ್ತದೆ. ಆದರೆ ಗಾಳಿಯ ತಡೆ ವೇಗದ ವರ್ಗದಂತೆ ಬೆಳೆಯುತ್ತದೆ. ಅದನ್ನು ನೂಕಲು ಬೇಕಾದ ಶಕ್ತಿ ವೇಗದ ಘನದಂತೆ. 80ರಿಂದ 100ಕ್ಕೆ ಹೋಗಲು ಗಾಳಿಗೆಂದೇ ಹೆಚ್ಚುಕಮ್ಮಿ ಎರಡರಷ್ಟು ಶಕ್ತಿ ತೆರಬೇಕು. ಮೀಟಿಯರಿನ ಬಳಿ ಇರುವುದು ಸುಮಾರು 20 ಅಶ್ವಶಕ್ತಿ. ವಾದ ತಾನಾಗಿಯೇ ಮುಗಿಯುತ್ತದೆ.

ಸವಾರ ಬೇರೆ, ಗಾಳಿ ಬೇರೆ, ಈ ಭೇದ ನಿತ್ಯ ಎನ್ನುವ ದ್ವೈತಿಗಳು ಹಣೆ ಮೀರುವ ಗಾಜು ಹಾಕಿಸುತ್ತಾರೆ. ಗಾಜಿನ ಹಿಂದೆ ಒತ್ತಡ ಕಡಿಮೆಯಾಗಿ, ಎದುರಿನಿಂದ ಬರಲಾಗದ ಗಾಳಿ ಹಿಂದಿನಿಂದ ತಿರುಗಿ ಬಂದು ಬೆನ್ನು ನೂಕುತ್ತದೆ. ಮಳೆಗಾಲದ ರಾತ್ರಿ ಎದುರು ಲಾರಿಯ ಹೈಬೀಮಿಗೆ ಗಾಜಿನ ಹನಿಹನಿಯೂ ಒಂದೊಂದು ಲಾರಿಯಾಗುತ್ತದೆ. ಮೂಗಿನ ಮಟ್ಟಕ್ಕೆ ಗಾಜು ಕತ್ತರಿಸಿ, ಮೇಲಿನಿಂದ ರಸ್ತೆ ನೋಡಿ, ಕೆಳಗೊಂದು ಸಂದು ಬಿಟ್ಟು ಸ್ವಲ್ಪ ಗಾಳಿಯನ್ನು ಒಳಗೆ ಕರೆದುಕೊಳ್ಳುವುದು ವಿಶಿಷ್ಟಾದ್ವೈತ. ಪ್ರಸ್ತುತ ಲೇಖಕನ ಒಲವು ಇತ್ತ. ಹಿಂದಿನ ಸೀಟಿನವರು ಇನ್ನೂ ಎತ್ತರದಲ್ಲಿ ಕೂತು ಸುಳಿಯನ್ನೆಲ್ಲ ಮುಖದಲ್ಲಿ ಹೊರುವುದರಿಂದ ಅವರ ದರ್ಶನವನ್ನು ಪ್ರತ್ಯೇಕವಾಗಿ ದಾಖಲಿಸಬೇಕು. ಅದರ ಭಾಷೆ ಮುದ್ರಣಯೋಗ್ಯವಾಗಿಲ್ಲ.

ಗಾಜನ್ನು ಎಲ್ಲಿಗೆ ಕಟ್ಟಬೇಕೆಂಬುದೂ ವಿವಾದವೇ. ಹಾರ್ಲೆ-ಡೇವಿಡ್‌ಸನ್ 1969ರಲ್ಲಿ ಎಲೆಕ್ಟ್ರಾ ಗ್ಲೈಡಿನ ಬಾವಲಿರೆಕ್ಕೆಯ ಕವಚವನ್ನು ಫೋರ್ಕಿಗೆ ಕಟ್ಟಿತು. 1998ರ ರೋಡ್ ಗ್ಲೈಡಿನಲ್ಲಿ ಕವಚವನ್ನು ಚಾಸಿಗೆ ಕಟ್ಟಿತು. ವ್ಯತ್ಯಾಸ ತಿಳಿಯಲು ಅಮೆರಿಕಕ್ಕೆ ಹೋಗಬೇಕಾಗಿಲ್ಲ. ಆಷಾಢದಲ್ಲಿ ಹಿರಿಯೂರಿನಿಂದ ಚಿತ್ರದುರ್ಗಕ್ಕೆ ಹೋದರೆ ಪಶ್ಚಿಮದ ಗಾಳಿ ಎಡಗಡೆಯಿಂದ ಬಂದು, ಫೋರ್ಕಿನ ಗಾಜಿನ ಮೂಲಕ ಹ್ಯಾಂಡಲನ್ನು ತಾನೇ ತಿರುಗಿಸಲು ನೋಡುತ್ತದೆ. ಅಕ್ಕಪಕ್ಕದ ಗುಡ್ಡಗಳ ಮೇಲೆ ಗಾಳಿಯಂತ್ರ ನೆಟ್ಟವರು ಈ ಸಂಗತಿಯನ್ನು ನಮಗಿಂತ ಮೊದಲೇ ಗಮನಿಸಿದ್ದರು.

1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಮನ್ನು ಗ್ರಂಥಸಂಪಾದನಾ ಶಾಸ್ತ್ರದ ಅತಿ ಕಟ್ಟುನಿಟ್ಟಿನ ಸೂತ್ರವೆನ್ನಬಹುದು: ಕರ್ತೃ ಬರೆದ ವಿವರಗಳಿಂದ ನೋಂದಣಿಯ ಪಾಠ ಬದಲಾಗಕೂಡದು. ಸೈಲೆನ್ಸರ್ ಪಂಥದವರು ಇದರ ಭಾಷ್ಯವನ್ನು ಸಂಚಾರಿ ಪೊಲೀಸರಿಂದ ನೇರವಾಗಿ ಕೇಳಿದ್ದಾರೆ.

ಕಲಮಿಗೆ ಸಿಗದ ಮಾರ್ಪಾಡು ಒಂದೇ, ಅದು ಮೌಖಿಕ ಪರಂಪರೆಯಲ್ಲಿ ಉಳಿದಿದೆ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯ ಯೆಜ್ಡಿ ಏರಿ ಚಳಿಗಾಲದಲ್ಲಿ ಊಟಿಗೆ ಹೋಗುತ್ತಿದ್ದವರು ಸ್ವೆಟರಿನೊಳಗೆ ದಿನಪತ್ರಿಕೆ ಮಡಚಿ ತುರುಕಿಕೊಳ್ಳುತ್ತಿದ್ದರು. ಎದೆಗೆ ಗಾಳಿ ತಾಗದು, ಖರ್ಚಿಲ್ಲ, ಫೋರ್ಕು ಅಲ್ಲಾಡದು. ಮುದ್ರಣ ಮಾಧ್ಯಮದ ಭವಿಷ್ಯದ ಚರ್ಚೆಯಲ್ಲಿ ಯಾರೂ ಇದನ್ನು ಎತ್ತಿಲ್ಲ. ಗುಣಮಟ್ಟದ ದೃಷ್ಟಿಯಿಂದ ಭಾನುವಾರದ ಪುರವಣಿ ಸಹಿತ ಸಂಚಿಕೆ ಉತ್ತಮ. ದೀಪಾವಳಿ ವಿಶೇಷಾಂಕ ದಪ್ಪವೇನೋ ಹೌದು, ಆದರೆ ನಯಕಾಗದ ಎದೆಗೆ ಬಾಗದು, ಜಾರಿ ಹೊಟ್ಟೆಗಿಳಿಯುತ್ತದೆ. ಈ ಸಂಪ್ರಬಂಧವನ್ನು ಸಾದಾ ಕಾಗದದಲ್ಲಿ ಅಚ್ಚು ಮಾಡಬೇಕೆಂದು ಸಂಪಾದಕರನ್ನು ಕೋರಲಾಗಿದೆ.